ಐದನೇ ತಟ್ಟೆಗೆ ನೇರ ಪ್ರವೇಶ

ಇವತ್ತು ಬ್ರೇಕಿಂಗ್ ನ್ಯೂಸ್ ಏನೂ ಇಲ್ಲ ವೀಕ್ಷಕರೇ. ಯಾರೂ ರಾಜೀನಾಮೆ ಕೊಟ್ಟಿಲ್ಲ, ಯಾರ ಮನೆ ಮೇಲೂ ದಾಳಿ ಆಗಿಲ್ಲ. ಇವತ್ತಿನ ಸುದ್ದಿ ಒಂದು ಫೋನ್ ಕಾಲ್.

ನನ್ನ ಚಿಕ್ಕಪ್ಪನ ಮಗಳು ಹುನಗುಂದದವಳು. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ ಇನ್ನೊಂದು ತಾಲೂಕಿನ ಹಳ್ಳಿಯಲ್ಲಿ ಸರ್ಕಾರಿ ಶಾಲೆ ಟೀಚರ್. ಮೊನ್ನೆ ಫೋನ್ ಮಾಡಿ, "ಅಣ್ಣಾ, ನನ್ನ ಪ್ರೊಬೇಷನ್ ಎರಡು ವರ್ಷ ಮುಗೀತು" ಅಂದಳು. ಹಂಗಾದ್ರೆ ಅಮೀನಗಡದ ಕರದಂಟು ಕಳಿಸು ಅಂದೆ. ನಕ್ಕಳು. ಆಮೇಲೆ ಸ್ವಲ್ಪ ಸುಮ್ಮನಿದ್ದು ಹೇಳಿದಳು: "ಈ ಎರಡು ವರ್ಷದಾಗ ನನ್ನ ಕ್ಲಾಸಿನಾಗ ಹಿಂದ ಕುಂತು, ನಾ ಹೆಂಗ ಕಲಸ್ತೀನಿ ಅಂತ ಒಂದು ತಾಸು ನೋಡಿದವರು ಒಬ್ಬರೂ ಇಲ್ಲಣ್ಣಾ. ಬಂದವರೆಲ್ಲ ರಿಜಿಸ್ಟರ್ ನೋಡಿ ಹೋದ್ರು."

ಈ ಮಾತು ನನ್ನ ತಲೆಯಿಂದ ಹೋಗ್ತಾ ಇಲ್ಲ. ಅದಕ್ಕೇ ಇವತ್ತು ಇದನ್ನೇ ಮಾತಾಡೋಣ.

ಸ್ವಲ್ಪ ಹಿಂದಕ್ಕೆ ಹೋಗಬೇಕು. 2022ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ 6ರಿಂದ 8ನೇ ತರಗತಿಗೆ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅಧಿಸೂಚನೆ ಹೊರಡಿಸಿತು. ಮೇ ತಿಂಗಳಲ್ಲಿ ಪರೀಕ್ಷೆ, ನವೆಂಬರ್‌ನಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ. ಅಲ್ಲಿಂದ ಶುರುವಾಯ್ತು ನೋಡಿ ಕೋರ್ಟು-ಕಚೇರಿ. ಮದುವೆಯಾದ ಹೆಣ್ಣುಮಗಳ ಜಾತಿ-ಆದಾಯ ಪ್ರಮಾಣಪತ್ರ ಅಪ್ಪನ ಹೆಸರಲ್ಲಿ ಇರಬೇಕೋ ಗಂಡನ ಹೆಸರಲ್ಲಿ ಇರಬೇಕೋ ಅನ್ನೋ ಜಗಳ ಒಂದು ವರ್ಷ ತಿಂದಿತು. 2023ರ ಅಕ್ಟೋಬರ್‌ನಲ್ಲಿ ಹೈಕೋರ್ಟ್ ದಾರಿ ಬಿಟ್ಟ ಮೇಲೆ ಸುಮಾರು 13 ಸಾವಿರ ಮಂದಿಗೆ ನೇಮಕಾತಿ ಭಾಗ್ಯ ಬಂತು. ನನ್ನ ತಂಗಿಯೂ ಅವರಲ್ಲಿ ಒಬ್ಬಳು.

ಒಬ್ಬ ಶಿಕ್ಷಕರನ್ನು ಆರಿಸೋಕೆ ನಾವು ಎಷ್ಟು ಸೋಸ್ತೀವಿ ಲೆಕ್ಕ ಹಾಕಿ. ಡಿಗ್ರಿ, ಎರಡು ವರ್ಷದ ಬಿ.ಇಡಿ., ಟಿಇಟಿ, ಆಮೇಲೆ ಸಿಇಟಿ, ದಾಖಲೆ ಪರಿಶೀಲನೆ, ಪೊಲೀಸ್ ಪರಿಶೀಲನೆ, ಸಿಂಧುತ್ವ, ಕೌನ್ಸೆಲಿಂಗ್. ಇಷ್ಟೆಲ್ಲ ಆಗಿ ಶಾಲೆ ಬಾಗಿಲಿಗೆ ಬಂದು ನಿಂತ ಮೇಲೆ? ಹಾಜರಾತಿ ಪುಸ್ತಕದಲ್ಲಿ ಸಹಿ, ಕೈಗೆ ಚಾಕ್‌ಪೀಸ್, "ಹೋಗ್ರಿ ಮೇಡಂ, ಆ ಕೋಣಿ ನಿಮ್ದು." ಮುಗೀತು.

ಹೊಸಬರಿಗೆ ತರಬೇತಿಯೇ ಇಲ್ಲ ಅಂತ ನಾನು ಹೇಳ್ತಿಲ್ಲ. ಬುನಾದಿ ತರಬೇತಿ ಅಂತ ಇದೆ. ರಜೆ ನಿಯಮ, ಸೇವಾ ಪುಸ್ತಕ, ಇಲಾಖೆಯ ಕಾರ್ಯಕ್ರಮಗಳು, ಒಂದಿಷ್ಟು ಬೋಧನಾ ವಿಧಾನ ಅಲ್ಲಿ ಬರುತ್ತೆ. ಮೊಬೈಲ್‌ನಲ್ಲಿ ದೀಕ್ಷಾ ಕೋರ್ಸ್‌ಗಳಿವೆ. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ನಿಷ್ಠಾ ತರಬೇತಿ ದೇಶದ 42 ಲಕ್ಷ ಶಿಕ್ಷಕರನ್ನು ಮುಟ್ಟೋ ಗುರಿ ಇಟ್ಟುಕೊಂಡಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಯ ಕಲಿಕೆ ಇರಬೇಕು ಅಂತು. ಗಂಟೆಗೆ ಕೊರತೆ ಇಲ್ಲ. ಆದರೆ ಆ ಗಂಟೆಗಳೆಲ್ಲ ನಡೆಯೋದು ಶಾಲೆಯ ಹೊರಗೆ, ಇನ್ನೊಂದು ಹಾಲ್‌ನಲ್ಲಿ, ಇಲ್ಲಾ ಅಂದ್ರೆ ಸ್ಕ್ರೀನ್ ಮೇಲೆ. ಹೊಸ ಶಿಕ್ಷಕಿಗೆ ಕಷ್ಟ ಬರೋದು ಮಂಗಳವಾರ ಮಧ್ಯಾಹ್ನ ಬಿಸಿಯೂಟ ಆದ ಮೇಲೆ, ಆರನೇ ಕ್ಲಾಸಿನಲ್ಲಿ, ಮಕ್ಕಳು ತೂಕಡಿಸೋ ಹೊತ್ತಿನಲ್ಲಿ. ಆಗ ಪಕ್ಕದಲ್ಲಿ ಯಾರಿದ್ದಾರೆ ಅನ್ನೋದು ನನ್ನ ಪ್ರಶ್ನೆ.

ತಂಗಿ ಹೇಳಿದ ಒಂದು ಸಂಗತಿ ಕೇಳಿ.

ಅವಳು ಗಣಿತ-ವಿಜ್ಞಾನಕ್ಕೆ ಆಯ್ಕೆ ಆದವಳು. ನೇಮಕ ಆಗಿದ್ದು ಶೈಕ್ಷಣಿಕ ವರ್ಷದ ನಡುವೆ. ಜೂನ್ ತಿಂಗಳಲ್ಲಿ ನಮ್ಮ ಶಾಲೆಗಳಲ್ಲಿ ಸೇತುಬಂಧ ಅಂತ ಮಾಡ್ತಾರೆ, ಹಿಂದಿನ ವರ್ಷದ್ದು ಯಾವ ಮಗುವಿಗೆ ಎಷ್ಟು ಬರುತ್ತೆ ಅಂತ ನೋಡಿ, ಬಿಟ್ಟುಹೋದದ್ದನ್ನು ತುಂಬೋ ಕೆಲಸ. ಇವಳು ಬರೋ ಹೊತ್ತಿಗೆ ಅದು ಯಾವಾಗಲೋ ಮುಗಿದಿತ್ತು. ಯಾರಿಗೆ ಏನು ಬರುತ್ತೆ ಅಂತ ಹೇಳೋರಿಲ್ಲ. ಸರಿ, ಪಾಠಪುಸ್ತಕ ಹಿಡಿದು ಶುರು ಮಾಡಿದಳು. ಬೋರ್ಡ್ ಮೇಲೆ ಬರೀತಾಳೆ, ಮಕ್ಕಳು ಮುತ್ತಿನಂಥ ಅಕ್ಷರದಲ್ಲಿ ನಕಲು ಮಾಡ್ತಾರೆ. "ತಿಳೀತಾ?" ಅಂದರೆ ಎಲ್ಲರೂ ಒಟ್ಟಿಗೆ "ತಿಳೀತ್ರಿ ಅಕ್ಕೋರ." ನೋಟ್‌ಬುಕ್ ತುಂಬಿತು. ಇವಳಿಗೆ ಖುಷಿ.

ಐದು ತಿಂಗಳು ಹೀಗೇ ಹೋಯ್ತು. ಒಂದು ದಿನ ಒಬ್ಬ ಹುಡುಗನಿಗೆ, ನೀನೇ ಬರೆದ ಲೆಕ್ಕವನ್ನು ಓದಿ ಹೇಳು ಅಂದಳು. ಅವನು ಸುಮ್ಮನೆ ನಿಂತ. ಪಕ್ಕದವನನ್ನು ಎಬ್ಬಿಸಿದಳು, ಅವನೂ ನಿಂತ. ಆ ಕ್ಲಾಸಿನಲ್ಲಿ ಐದಾರು ಮಕ್ಕಳಿಗೆ ಅಕ್ಷರದ ಚಿತ್ರ ಬಿಡಿಸೋಕೆ ಬರ್ತಿತ್ತು, ಓದೋಕೆ ಬರ್ತಿರಲಿಲ್ಲ. "ಐದು ತಿಂಗಳು ನಾ ಯಾರಿಗೆ ಕಲಿಸಿದೆ ಅಣ್ಣಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹತ್ತು-ಹದಿನೈದು ವರ್ಷ ಅನುಭವ ಇರೋ ಮಾಸ್ತರೊಬ್ಬರು ಹಿಂದಿನ ಬೆಂಚಲ್ಲಿ ಒಂದು ಪಿರಿಯಡ್ ಕೂತಿದ್ದರೆ ಮೊದಲನೇ ವಾರವೇ ಇದು ಗೊತ್ತಾಗಿಬಿಡ್ತಿತ್ತು. ನಷ್ಟ ಯಾರಿಗೆ ಆಯ್ತು ಹೇಳಿ. ಟೀಚರ್‌ಗೆ ಇನ್ನೂ ಮೂವತ್ತು ವರ್ಷ ಸರ್ವಿಸ್ ಇದೆ. ಆ ಹುಡುಗನಿಗೆ ಆರನೇ ಕ್ಲಾಸು ಒಂದೇ ಸಲ ಬರೋದು.

ಈಗ ನಿಮಗೆ ನಲಿ-ಕಲಿ ಬಗ್ಗೆ ಹೇಳಬೇಕು, ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ. ಆಂಧ್ರದ ರಿಷಿವ್ಯಾಲಿಯ ಪ್ರಯೋಗ ನೋಡಿಕೊಂಡು ಬಂದ ನಮ್ಮದೇ ಸರ್ಕಾರಿ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನೊಂದಿಗೆ, ಕಟ್ಟಿದ ಪದ್ಧತಿ ಅದು. 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಸಣ್ಣ ತರಗತಿಗಳಿಗೆ ಬಂತು. ಬೇರೆ ಬೇರೆ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ, ಗುಂಪು ಗುಂಪಾಗಿ ಕೂರ್ತಾರೆ. ಗುಂಪಿಗೆ ತಟ್ಟೆ ಅಂತ ಹೆಸರು. ಒಟ್ಟು ಐದು ತಟ್ಟೆ. ಮೊದಲನೇ ತಟ್ಟೆಯಲ್ಲಿ ಶಿಕ್ಷಕರ ಪೂರ್ತಿ ಸಹಾಯ. ಎರಡನೆಯದರಲ್ಲಿ ಶಿಕ್ಷಕರ ಅರ್ಧಂಬರ್ಧ ಸಹಾಯ. ಮೂರನೆಯದು ಜೊತೆಗಾರ ಮಕ್ಕಳ ಪೂರ್ತಿ ಸಹಾಯ, ನಾಲ್ಕನೆಯದು ಜೊತೆಗಾರರ ಅಷ್ಟಿಷ್ಟು ಸಹಾಯ. ಐದನೇ ತಟ್ಟೆ ಸ್ವಕಲಿಕೆ. ತಾನೇ ಮಾಡಿಕೊಳ್ಳಬೇಕು.

ಎಂಥ ಚಂದದ ವ್ಯವಸ್ಥೆ ಅಲ್ವಾ? ಆರು ವರ್ಷದ ಮಗುವನ್ನೂ ಒಮ್ಮೆಗೇ ಕೈಬಿಡಬಾರದು ಅನ್ನೋದು ನಮ್ಮ ಇಲಾಖೆಗೆ ಗೊತ್ತು. ಆದರೆ ಅದೇ ಇಲಾಖೆ ಹೊಸ ಶಿಕ್ಷಕರನ್ನು ಮೊದಲನೇ ದಿನವೇ ನೇರವಾಗಿ ಐದನೇ ತಟ್ಟೆಯಲ್ಲಿ ಕೂರಿಸುತ್ತೆ!

ಇದರಲ್ಲೇ ಇನ್ನೊಂದು ತಮಾಷೆ. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. 1ರಿಂದ 5ನೇ ತರಗತಿ ಮಕ್ಕಳಿಗೆ ಕಲಿಸೋಕೆ ಬಿ.ಇಡಿ. ಸಾಲದು, ಸಣ್ಣ ಮಕ್ಕಳಿಗೆ ಬೇಕಾದ ತರಬೇತಿಯೇ ಬೇರೆ, ಅದಕ್ಕೆ ಡಿ.ಎಲ್.ಇಡಿ. ಥರದ ಕೋರ್ಸ್ ಬೇಕು ಅಂತ. ಸರಿಯಾದ ಮಾತು. ಆದರೆ ನಾಲ್ಕು ಜನ ಶಿಕ್ಷಕರಿರೋ ಹಳ್ಳಿ ಶಾಲೆಯಲ್ಲಿ ಏನಾಗುತ್ತೆ? ನಲಿ-ಕಲಿ ಟೀಚರ್ ರಜೆ ಹಾಕಿದರೆ, ನಿಯೋಜನೆ ಮೇಲೆ ಹೋದರೆ, ಆ ಕೋಣೆಗೆ ಹೋಗೋರು ಯಾರು? ಎಲ್ಲರಿಗಿಂತ ಕಿರಿಯರು, ಅಂದ್ರೆ ಹೊಸ ಟೀಚರ್. ತಂಗಿ ಸೇರಿದ ಎರಡನೇ ದಿನವೇ ಅವಳನ್ನು ಕಳಿಸಿದ್ದು ಅಲ್ಲಿಗೆ. ಬಿ.ಇಡಿ. ಓದಿ ಬಂದವಳು, ನಲಿ-ಕಲಿ ಕಾರ್ಡನ್ನೇ ಮೊದಲ ಸಲ ನೋಡ್ತಿದ್ದಾಳೆ. "ಮಕ್ಕಳೇ ನನಗ ಕಲಿಸಿದ್ರಣ್ಣಾ. ಈ ಕಾರ್ಡ್ ಆ ತಟ್ಟಿಗೆ ಬರತೈತ್ರಿ ಅಂತ ಒಂದನೇತ್ತ ಹುಡುಗಿ ತೋರಿಸಿತು."

ನಾನು ಓದಿದ್ದು ಇಂಜಿನಿಯರಿಂಗ್. ನನ್ನ ಜೊತೆ ಓದಿದ ಎಷ್ಟೋ ಜನ ಇನ್ಫೋಸಿಸ್ ಸೇರಿದರು. ಮೈಸೂರು ಕ್ಯಾಂಪಸ್‌ನಲ್ಲಿ ಸಂಬಳ ಕೊಟ್ಟು ತಿಂಗಳುಗಟ್ಟಲೆ ಕೂರಿಸಿ ಕಲಿಸಿದರು. ಪ್ರಾಜೆಕ್ಟ್ ಸಿಕ್ಕ ಮೇಲೂ ಹೊಸಬ ಬರೆದ ಕೋಡನ್ನು ಹಿರಿಯನೊಬ್ಬ ಸಾಲು ಸಾಲು ಓದದೆ ಮುಂದಕ್ಕೆ ಬಿಡೋದಿಲ್ಲ. ಅದನ್ನು ಅವಮಾನ ಅಂತ ಯಾರೂ ಅಂದುಕೊಳ್ಳಲ್ಲ, ಅದು ಕೆಲಸದ ಭಾಗ. ಕೋಡ್ ತಪ್ಪಾದರೆ ಹಳೇ ವರ್ಷನ್‌ಗೆ ವಾಪಸ್ ಹೋಗಬಹುದು. ಮಗುವಿನ ವಿಷಯದಲ್ಲಿ ಆ ಬಟನ್ ಇಲ್ಲ. ಡಾಕ್ಟರಿಗೆ ಹೌಸ್ ಸರ್ಜನ್ಸಿ ಇದೆ, ವಕೀಲರು ಹಿರಿಯರ ಕೈಕೆಳಗೆ ಜೂನಿಯರ್ ಆಗಿ ದುಡೀತಾರೆ. ಇಳಕಲ್ಲಿಗೆ ಹೋಗಿ ನೋಡಿ, ಸೀರೆ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಕೂಡಿಸೋ ಕೆಲಸವನ್ನು ಮೊದಲ ದಿನವೇ ಹೊಸ ಹುಡುಗನ ಕೈಗೆ ಯಾವ ನೇಕಾರರೂ ಕೊಡೋದಿಲ್ಲ.

ಇಳಕಲ್ ಅಂದಾಗ ನೆನಪಾಯ್ತು. ನಮ್ಮ ಜಿಲ್ಲೆಯ ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ ಇರೋದೇ ಇಳಕಲ್ಲಿನಲ್ಲಿ. 1986ರ ಶಿಕ್ಷಣ ನೀತಿಯ ಫಲವಾಗಿ ಜಿಲ್ಲೆಗೊಂದು ಡಯಟ್ ಬಂದವು. ಹೊಸ ಶಿಕ್ಷಕರನ್ನು ತಯಾರು ಮಾಡೋದು, ಇರೋ ಶಿಕ್ಷಕರ ಬೆನ್ನಿಗೆ ನಿಲ್ಲೋದು, ಎರಡೂ ಅದರ ಕೆಲಸ. ಆದರೆ ನಕ್ಷೆ ತೆಗೆದು ನೋಡಿ. ಇಳಕಲ್ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ರಾಷ್ಟ್ರೀಯ ಹೆದ್ದಾರಿ 50ರ ಮೇಲಿದೆ. ಪಶ್ಚಿಮದ ಜಮಖಂಡಿ ಕಡೆಯಿಂದ ಅಲ್ಲಿಗೆ ನೂರು ಕಿಲೋಮೀಟರಿಗೂ ಹೆಚ್ಚು. 1997ರಲ್ಲಿ ವಿಜಯಪುರದಿಂದ ಬೇರೆಯಾದ ಜಿಲ್ಲೆ ನಮ್ಮದು, ಎಲ್ಲ ಕಚೇರಿಗಳೂ ನಟ್ಟನಡುವೆ ಸಿಗಲಿ ಅಂದರೆ ಆಗೋದಿಲ್ಲ. ಒಬ್ಬ ಡಯಟ್ ಉಪನ್ಯಾಸಕರು ಒಂದು ಇಡೀ ತಾಲೂಕಿಗೆ ನೋಡಲ್ ಅಧಿಕಾರಿ. ಅವರು ಪ್ರತಿ ಹೊಸ ಶಿಕ್ಷಕರ ಕ್ಲಾಸಿನಲ್ಲಿ ಬಂದು ಕೂರಲಿ ಅಂತ ಕೇಳೋದು ನ್ಯಾಯ ಅಲ್ಲ.

ಅದಕ್ಕೇ ಅಲ್ವಾ ಸಿಆರ್‌ಪಿ ಅಂತ ಒಬ್ಬರನ್ನು ಇಟ್ಟಿರೋದು? ಸಮೂಹ ಸಂಪನ್ಮೂಲ ವ್ಯಕ್ತಿ. ಹೆಸರು ಉದ್ದ, ಕೆಲಸ ಸರಳ. 90ರ ದಶಕದಲ್ಲಿ ಡಿಪಿಇಪಿ ಯೋಜನೆ ಬಂದಾಗ ತಾಲೂಕಿಗೊಂದು ಬಿಆರ್‌ಸಿ, ಹತ್ತಿಪ್ಪತ್ತು ಶಾಲೆಗೊಂದು ಕ್ಲಸ್ಟರ್ ಮಾಡಿದರು. ಅನುಭವಿ ಶಿಕ್ಷಕರೊಬ್ಬರನ್ನು ಆರಿಸಿ, ನೀನು ಶಾಲೆಯಿಂದ ಶಾಲೆಗೆ ತಿರುಗು, ಕ್ಲಾಸಿನಲ್ಲಿ ಕೂರು, ಬೇಕಾದರೆ ನೀನೇ ಒಂದು ಪಾಠ ಮಾಡಿ ತೋರಿಸು ಅಂದರು. ಎರಡನೇ ತಟ್ಟೆಯ ಮನುಷ್ಯ ಇವರೇ. ಇವತ್ತು ಯಾವುದಾದರೂ ಸಿಆರ್‌ಪಿ ಜೊತೆ ಅರ್ಧ ದಿನ ಬೈಕಿನಲ್ಲಿ ಓಡಾಡಿ. ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಶೂ-ಸಾಕ್ಸ್ ಅಳತೆ, ಎಸ್‌ಎಟಿಎಸ್‌ನಲ್ಲಿ ಬಾಕಿ ಉಳಿದ ಹೆಸರು, "ಇಂದು ಸಂಜೆ 4 ಗಂಟೆಯೊಳಗೆ ಕಡ್ಡಾಯವಾಗಿ ಮಾಹಿತಿ ಸಲ್ಲಿಸುವುದು" ಅನ್ನೋ ವಾಟ್ಸಾಪ್ ಮೆಸೇಜು. ಶಾಲೆಗೆ ಬಂದವರು ಹೆಡ್ ಸರ್ ಟೇಬಲ್ಲಿಂದಲೇ ಮಾಹಿತಿ ಹಿಡಿದು ಮುಂದಿನ ಶಾಲೆಗೆ ಓಡಬೇಕು. ಮನುಷ್ಯನ ತಪ್ಪಲ್ಲ. ಸಂಪನ್ಮೂಲ ವ್ಯಕ್ತಿಯನ್ನು ಅಂಚೆಯಣ್ಣ ಮಾಡಿದ್ದು ನಾವು.

ಇನ್ನು ಮುಖ್ಯ ಶಿಕ್ಷಕರು. ಹಿಂದೆ ಹೆಡ್ ಮಾಸ್ತರು ಊರಲ್ಲೇ ಇರ್ತಿದ್ದರು, ಹೊಸ ಮಾಸ್ತರೂ ಅದೇ ಊರಲ್ಲಿ ಬಾಡಿಗೆ ಕೋಣೆ ಹಿಡೀತಿದ್ದರು. ಸಂಜೆ ಕಟ್ಟೆ ಮೇಲೆ ಕೂತಾಗ ಅರ್ಧ ಟ್ರೈನಿಂಗ್ ಆಗಿಬಿಡ್ತಿತ್ತು. ಈಗ ಎಲ್ಲರದೂ ಅಪ್-ಡೌನ್. ನಾಲ್ಕೂವರೆ ಬಸ್ ತಪ್ಪಿದರೆ ಮುಂದಿನದು ಆರಕ್ಕೆ. ಹೊಸಬರಿಗೆ ಸಾಮಾನ್ಯವಾಗಿ ಸಿಗೋದು ಸಿ ವಲಯದ ಶಾಲೆ, ಅಂದರೆ ಪಟ್ಟಣದಿಂದ ದೂರದ್ದು. ಮಾತಾಡೋ ಹೊತ್ತೇ ಇಲ್ಲ.

ತಂಗಿಗೆ ಸಹಾಯ ಸಿಕ್ಕಿದ್ದು ಎಲ್ಲಿ ಗೊತ್ತಾ? ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ. ಸಭೆಯಲ್ಲಲ್ಲ, ಸಭೆ ನಡುವಿನ ಚಹಾದಲ್ಲಿ. ಪಕ್ಕದ ಊರಿನ ಹಿರಿಯ ಮಾಸ್ತರೊಬ್ಬರ ಹತ್ತಿರ ತನ್ನ ಕ್ಲಾಸಿನ ಆ ಹುಡುಗನ ಕಥೆ ಹೇಳಿ ಅತ್ತುಬಿಟ್ಟಳಂತೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅವರ ಅಪ್ಪ-ಅವ್ವ ದುಡಿಯಾಕ ಎಲ್ಲಿಗೆ ಹೋಗ್ತಾರವ್ವಾ?" ಉಡುಪಿಗೆ. ಬಿಲ್ಡಿಂಗ್ ಕೆಲಸಕ್ಕೆ.

ಇದು ಬಾದಾಮಿ, ಹುನಗುಂದ ಕಡೆಯವರಿಗೆ ಹೊಸ ವಿಷಯ ಅಲ್ಲ. ಸುಗ್ಗಿ ಮುಗಿದ ಮೇಲೆ ಎಷ್ಟೋ ಮನೆಗಳಿಗೆ ಬೀಗ. ಗೋವಾ, ಮಂಗಳೂರು, ಉಡುಪಿ. ಮಕ್ಕಳೂ ಜೊತೆಗೆ. ಜಾತ್ರೆಗೋ ಯುಗಾದಿಗೋ ವಾಪಸ್ ಬಂದಾಗ ಪಾಠ ಎಲ್ಲೋ ಮುಂದೆ ಹೋಗಿರುತ್ತೆ. ನಲಿ-ಕಲಿಯಲ್ಲಾದರೆ ಮಗು ಏಣಿಯ ಯಾವ ಮೆಟ್ಟಿಲಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹತ್ತಬಹುದು. ಆರನೇ ಕ್ಲಾಸಿನ ಪುಸ್ತಕಕ್ಕೆ ಆ ಕರುಣೆ ಇಲ್ಲ. ತಾಂಡಾದಿಂದ ಬರೋ ಮಗುವಿಗೆ ಮನೆಯಲ್ಲಿ ಲಂಬಾಣಿ, ಓಣಿಯಲ್ಲಿ ನಮ್ಮ ಕಡೆ ಕನ್ನಡ, ಪುಸ್ತಕದಲ್ಲಿ ಇನ್ನೊಂದು ಕನ್ನಡ. ಬಿ.ಇಡಿ.ಯಲ್ಲಿ 20 ವಾರ ಶಾಲಾ ಇಂಟರ್ನ್‌ಶಿಪ್ ಅಂತ ನಿಯಮ ಇದೆ, ಸರಿ. ಆದರೆ ಆ ಇಪ್ಪತ್ತು ವಾರ ಕಾಲೇಜಿರೋ ಪಟ್ಟಣದ ಹೈಸ್ಕೂಲಿನಲ್ಲಿ ಕಳೆದರೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಆ ಮಾಸ್ತರು ಹೇಳಿದರಂತೆ: "ಅವನಿಗೆ ಅನುಪಾತದ ಪಾಠ ಪುಸ್ತಕದಿಂದ ಮಾಡಬ್ಯಾಡ. ಒಂದು ಪುಟ್ಟಿ ಸಿಮೆಂಟಿಗೆ ಎಷ್ಟು ಪುಟ್ಟಿ ಉಸುಕು ಅಂತ ಕೇಳು." ಮರುದಿನ ಕೇಳಿದಳು. ಆರು ತಿಂಗಳಿಂದ ಬಾಯಿ ಬಿಡದ ಹುಡುಗ ಎದ್ದು ನಿಂತು ಹೇಳಿದ, "ಗ್ವಾಡಿ ಕಟ್ಟಾಕ ಒಂದಕ್ಕ ಆರ್ರಿ, ಗಿಲಾಯಿಗೆ ಒಂದಕ್ಕ ನಾಕು." ಇಡೀ ಕ್ಲಾಸ್ ತಿರುಗಿ ನೋಡಿತು. ಅಂದಿನಿಂದ ಅವನ ಬಾಯಿಂದ ಬಂದ ಮಾತನ್ನೇ ಬೋರ್ಡ್ ಮೇಲೆ ಬರೆದು ಅವನಿಗೆ ಓದೋಕೆ ಕಲಿಸಿದಳು. ಸಿಮೆಂಟ್, ಉಸುಕು, ಉಡುಪಿ, ಬಸ್ಸು.

ಮೂರನೇ ತಟ್ಟೆ, ಜೊತೆಗಾರರ ಸಹಾಯ ಅಂದೆನಲ್ಲ, ಅದು ಇದೇ. ಚಹಾ ಕುಡಿಯೋ ಹತ್ತು ನಿಮಿಷದಲ್ಲಿ ಸಿಕ್ಕಿತು. ಪುಣ್ಯಕ್ಕೆ ಸಿಕ್ಕಿತು, ವ್ಯವಸ್ಥೆಯಿಂದ ಸಿಗಲಿಲ್ಲ.

ಬೇರೆ ದೇಶದವರು ಇದನ್ನು ಪುಣ್ಯಕ್ಕೆ ಬಿಟ್ಟಿಲ್ಲ. ಜಪಾನಿನಲ್ಲಿ 1989ರಿಂದ ಹೊಸ ಶಿಕ್ಷಕರಿಗೆ ಮೊದಲ ವರ್ಷವಿಡೀ ಶಾಲೆಯಲ್ಲೇ ಮಾರ್ಗದರ್ಶಕ ಶಿಕ್ಷಕರ ಜೊತೆ ತರಬೇತಿ. ಸ್ಕಾಟ್ಲೆಂಡ್ 2002ರಲ್ಲಿ ತನ್ನದೇ ಒಂದು ವರ್ಷದ ಯೋಜನೆ ತಂದಿತು. ಇಂಗ್ಲೆಂಡ್ 2021ರ ಸೆಪ್ಟೆಂಬರ್‌ನಿಂದ ಈ ಅವಧಿಯನ್ನು ಎರಡು ವರ್ಷಕ್ಕೆ ಏರಿಸಿತು. ಹೊಸಬರಿಗೆ ಒಬ್ಬ ಮೆಂಟರ್, ಮೊದಲ ವರ್ಷ ಪಿರಿಯಡ್‌ಗಳಲ್ಲಿ ಶೇ. 10 ಕಡಿತ, ಎರಡನೇ ವರ್ಷ ಶೇ. 5 ಕಡಿತ. ಯೋಚನೆ ಮಾಡೋಕೆ, ಇನ್ನೊಬ್ಬರ ಕ್ಲಾಸ್ ನೋಡೋಕೆ ಆ ಸಮಯ.

ನಮ್ಮಲ್ಲೂ ಎರಡು ವರ್ಷ ಇದೆ! 1977ರ ಪ್ರೊಬೇಷನ್ ನಿಯಮ. ಆ ಎರಡು ವರ್ಷ ಇರೋದು ಈ ವ್ಯಕ್ತಿ ಹುದ್ದೆಗೆ ಯೋಗ್ಯರೋ ಅಲ್ಲವೋ ನೋಡೋಕೆ. ಯೋಗ್ಯರಾಗೋಕೆ ಸಹಾಯ ಮಾಡಬೇಕು ಅಂತ ಅದನ್ನು ಬಳಸಿಕೊಂಡವರು ಯಾರೂ ಇಲ್ಲ. ನಮ್ಮಲ್ಲಿ ಕಡಿತದ ಮಾತು ಬಿಡಿ, ಹೊಸಬರ ಮೇಲೇ ಹೆಚ್ಚು ಹೊರೆ. ಕಂಪ್ಯೂಟರ್ ಬರುತ್ತಲ್ಲ, ಆನ್‌ಲೈನ್ ಎಂಟ್ರಿ ಎಲ್ಲ ನೀವೇ ಮಾಡ್ರಿ. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಮನೆ ಮನೆ ತಿರುಗಿಸಿದರು, ಅದಕ್ಕಾಗಿ ದಸರಾ ರಜೆಯನ್ನೂ ಅಕ್ಟೋಬರ್ 18ರ ತನಕ ಎಳೆದರು. ಆರ್‌ಟಿಇ ಕಾಯ್ದೆಯ 27ನೇ ಸೆಕ್ಷನ್ ಹತ್ತು ವರ್ಷಕ್ಕೊಮ್ಮೆ ಬರೋ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರನ್ನು ಬಿಟ್ಟು ಶಿಕ್ಷಕರಿಗೆ ಬೇರೆ ಕೆಲಸ ಹಚ್ಚಬಾರದು ಅನ್ನುತ್ತೆ. ಈ ಸಮೀಕ್ಷೆ ಮೂರರಲ್ಲಿ ಯಾವುದು ಅಂತ ನೀವೇ ಹೇಳಿ.

ಇಷ್ಟು ಹೊತ್ತು ಮಾತಾಡಿದ್ದು ಕಾಯಂ ನೌಕರಿ ಸಿಕ್ಕವರ ಬಗ್ಗೆ. ಆದರೆ ಬಿ.ಇಡಿ., ಡಿ.ಎಲ್.ಇಡಿ. ಮುಗಿಸಿದ ನಮ್ಮ ಹುಡುಗ-ಹುಡುಗಿಯರಲ್ಲಿ ಹೆಚ್ಚಿನವರು ಮೊದಲು ಕ್ಲಾಸಿಗೆ ಕಾಲಿಡೋದು ಅತಿಥಿ ಶಿಕ್ಷಕರಾಗಿ. 2025-26ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಪ್ರಾಥಮಿಕ ಶಾಲೆ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 12,000. ವರ್ಷದ ಕೊನೆಗೆ ಬಿಡುಗಡೆ. ಮುಂದಿನ ವರ್ಷ ಇರ್ತಾರೋ ಇಲ್ಲವೋ ಗೊತ್ತಿಲ್ಲದವರ ಮೇಲೆ ತರಬೇತಿ ಖರ್ಚು ಯಾಕೆ ಅನ್ನೋದು ಕಚೇರಿ ಲೆಕ್ಕ. ಅವರ ಮುಂದೆ ಕೂತಿರೋ ಮಕ್ಕಳು ಮಾತ್ರ ಕಾಯಂ ಮಕ್ಕಳೇ.

ಹಾಗಾದ್ರೆ ಏನು ಮಾಡಬೇಕು? ಬೆಂಗಳೂರಿನಿಂದ ಹೊಸ ಯೋಜನೆ, ಹೊಸ ಲೋಗೋ ಯಾವುದೂ ಬೇಡ ಸ್ವಾಮಿ. ಒಂದು ಆದೇಶ ಸಾಕು. ಪ್ರತಿ ಹೊಸ ಶಿಕ್ಷಕರಿಗೆ, ಅತಿಥಿ ಶಿಕ್ಷಕರನ್ನೂ ಸೇರಿಸಿ, ಅದೇ ಕ್ಲಸ್ಟರಿನ ಒಬ್ಬ ಹಿರಿಯರನ್ನು ಜೋಡಿಸಿ. ತಿಂಗಳಿಗೆ ಎರಡು ಪಿರಿಯಡ್ ಅವರು ಇವರ ಕ್ಲಾಸಿನಲ್ಲಿ ಕೂರಲಿ, ಎರಡು ಪಿರಿಯಡ್ ಇವರು ಹೋಗಿ ಅವರ ಕ್ಲಾಸ್ ನೋಡಲಿ. ಆ ಹೊತ್ತನ್ನು ಓಓಡಿ, ಅಂದ್ರೆ ಕರ್ತವ್ಯದ ಮೇಲೆ ಅಂತಲೇ ಬರೀರಿ. ನೋಡಿದವರು ವರದಿ ಬರೀಬಾರದು. ಇದು ಮುಖ್ಯ, ಯಾಕಂದ್ರೆ ವರದಿ ಅಂದ ಕೂಡಲೇ ಅದು ತಪಾಸಣೆ ಆಗುತ್ತೆ, ಹೊಸಬರು ನಾಟಕದ ಪಾಠ ಮಾಡ್ತಾರೆ. ಸಿಆರ್‌ಪಿಗಳ ಕೈಯಿಂದ ಮಾಹಿತಿ ಸಂಗ್ರಹದ ಅರ್ಧ ಭಾರ ಇಳಿಸಿ. ಮೊದಲ ವರ್ಷ ಸಮೀಕ್ಷೆ, ಬಿಎಲ್‌ಒ ಕೆಲಸದಿಂದ ಹೊಸಬರನ್ನು ಹೊರಗಿಡಿ. ಡಯಟ್‌ನವರು ಇಳಕಲ್ಲಿಗೆ ಎಲ್ಲರನ್ನೂ ಕರೆಸೋ ಬದಲು ತಿಂಗಳಿಗೊಮ್ಮೆ ಬಾದಾಮಿಯಲ್ಲೋ ಬಾಗಲಕೋಟೆಯಲ್ಲೋ ಹೊಸಬರನ್ನಷ್ಟೇ ಒಂದು ಕಡೆ ಕೂರಿಸಿ, ಈ ತಿಂಗಳು ಎಲ್ಲಿ ಎಡವಿದಿರಿ ಅಂತ ಕೇಳಲಿ. ಪಿಪಿಟಿ ಬೇಡ.

ಹಿರಿಯರು ಒಪ್ಪಬೇಕಲ್ಲ, ಅವರಿಗೇನು ಲಾಭ ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ವರ್ಗಾವಣೆಯಲ್ಲಿ ಒಂದೆರಡು ಅಂಕ ಕೊಟ್ಟು ನೋಡಿ, ಸಾಲು ಹಚ್ಚಿ ನಿಲ್ತಾರೆ!

ತಂಗಿಗೆ ಇದನ್ನೆಲ್ಲ ಓದಿ ಹೇಳಿದೆ. ಅವಳು ಆದೇಶಕ್ಕೆ ಕಾದಿರಲಿಲ್ಲ. ಅವಳ ಶಾಲೆಗೆ ಈ ವರ್ಷ ಒಬ್ಬ ಅತಿಥಿ ಶಿಕ್ಷಕಿ ಬಂದಿದ್ದಾಳೆ, ಬಾದಾಮಿ ಕಡೆ ಹುಡುಗಿ, ಡಿ.ಎಲ್.ಇಡಿ. ಮುಗಿಸಿ ಆರು ತಿಂಗಳೂ ಆಗಿಲ್ಲ. "ನಾಳೆ ಮೂರನೇ ಪಿರಿಯಡ್ ನನಗ ಖಾಲಿ ಐತಣ್ಣಾ. ಆಕೀ ಕ್ಲಾಸಿನಾಗ ಹಿಂದ ಕುಂದರತೀನಿ ಅಂತ ಹೇಳೇನಿ. ಮೊದಲು ಅಂಜಿದಳು. ನಾ ಬರ್ಕೊಳ್ಳಾಕ ಪೆನ್ನೂ ತರಂಗಿಲ್ಲ ಅಂದೆ, ಹ್ಞೂಂ ಅಂದಳು." ಇನ್ನೂ ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ಹಾರನ್ ಕೇಳಿಸಿತು. "ಬಸ್ ಬಂತಣ್ಣಾ, ಇಡ್ತೀನಿ."